ಕಾರು ಬರುತ್ತೆ ಅನ್ನುವವರಿಗೆ ಫೋರ್ಕ್‌ಲಿಫ್ಟ್ ಪಾಠ

ಗೋದಾಮಿಗೆ ಹೊಸದಾಗಿ ಬರುವ ಹುಡುಗರಿಗೆ ಫೋರ್ಕ್‌ಲಿಫ್ಟ್ (ಮುಂದಿನ ಎರಡು ಕಬ್ಬಿಣದ ತೋಳುಗಳಿಂದ, ಅಂದರೆ ಫೋರ್ಕ್‌ನಿಂದ, ಸರಕು ಎತ್ತುವ ಗಾಡಿ) ಕಲಿಸುವುದು ನನ್ನ ಕೆಲಸ. "ಸರ್, ನನಗೆ ಕಾರು ಚೆನ್ನಾಗಿ ಬರುತ್ತೆ" ಅನ್ನುವವರ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿನೇ ಹುಷಾರು. ಏನೂ ಬಾರದವನು ಹೇಳಿದ್ದು ಕೇಳುತ್ತಾನೆ. ಕಾರು ಬರುವವನ ಕೈ ನನ್ನ ಮಾತು ಕೇಳುವುದಿಲ್ಲ.

ಇದರಲ್ಲಿ ತಿರುಗುವುದು ಹಿಂದಿನ ಚಕ್ರ. ಮುಂಭಾಗ ರ್‍ಯಾಕ್ ದಾಟಿತು ಅಂತ ಸ್ಟೀರಿಂಗ್ ತಿರುಗಿಸಿದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ. ಕೌಂಟರ್‌ವೇಟ್ (ಮುಂದಿನ ಸರಕಿಗೆ ಸರಿತೂಗಲು ಇಟ್ಟಿರುವ ಭಾರ) ಇರುವುದೂ ಅಲ್ಲೇ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಕಥೆ ಮುಗೀತು.

ಆಮೇಲೆ ಗಾಡಿ ಎಷ್ಟು ಭಾರ ಎತ್ತಬಹುದು ಅಂತ ಬರೆದಿರುವ, ಗಾಡಿಯ ಮೇಲಿನ ಪ್ಲೇಟ್. ಗ್ರೀಸ್ ಒರೆಸಿ ಓದಿಸುತ್ತೇನೆ. 2500 ಕೆಜಿ ಅನ್ನುವುದು ಎಲ್ಲರಿಗೂ ಕಾಣುತ್ತೆ, ಪಕ್ಕದ 500 ಮಿ.ಮೀ. ಯಾರಿಗೂ ಕಾಣಲ್ಲ. ಫೋರ್ಕ್‌ನ ಬುಡದಿಂದ ಸರಕಿನ ತೂಕದ ನಡುಮಧ್ಯಕ್ಕೆ ಇರಬೇಕಾದ ದೂರ ಅದು. ಪೆಟ್ಟಿಗೆ ಉದ್ದವಾಗಿದ್ದರೆ, ಅಥವಾ ಪ್ಯಾಲೆಟ್ (ಸರಕು ಜೋಡಿಸುವ ಹಲಗೆ) ಫೋರ್ಕ್ ತುದಿಯಲ್ಲೇ ಕೂತಿದ್ದರೆ, ಆ 2500 ಎತ್ತಲು ಆಗಲ್ಲ. ಹಿಂದಿನ ಚಕ್ರ ನೆಲ ಬಿಡುತ್ತೆ, ಅದರ ಜೊತೆಗೆ ಸ್ಟೀರಿಂಗೂ ಹೋಗುತ್ತೆ. ಆಗ ಹಿಂದೆ ಭಾರ ಆಗಲಿ ಅಂತ ಇಬ್ಬರನ್ನು ಕರೆದು ಕೂರಿಸುವವರಿದ್ದಾರೆ! ಅಂಥವರಿಗೆ ನಾನು ಬೈಯುತ್ತೇನೆ, ಸುಮ್ನೆ ಇರಲ್ಲ.

ಇಳಿಜಾರಿನಲ್ಲಿ ಸರಕು ಯಾವಾಗಲೂ ಎತ್ತರದ ಕಡೆಗಿರಬೇಕು. ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಖಾಲಿ ಗಾಡಿಗೆ ಇದು ಉಲ್ಟಾ.

ಜಾಸ್ತಿ ಜಗಳ ಆಗುವುದು ಸೀಟ್ ಬೆಲ್ಟ್ ವಿಷಯಕ್ಕೆ. "ಮಗುಚಿದರೆ ಹಾರಿಬಿಡ್ತೀನಿ ಸರ್" ಅನ್ನುತ್ತಾರೆ. ಹಾರುವವನು ಸಾಮಾನ್ಯವಾಗಿ ಗಾಡಿ ಬೀಳುವ ಕಡೆಗೇ ಬೀಳುತ್ತಾನೆ. ತಲೆ ಕಾಯಬೇಕಾದ ಮೇಲಿನ ಕಬ್ಬಿಣದ ಗಾರ್ಡ್ ಅವನ ಮೈಮೇಲೇ ಬರುತ್ತದೆ. ಅದಕ್ಕೇ ನಿಂತ ಗಾಡಿಯಲ್ಲಿ ಅಭ್ಯಾಸ ಮಾಡಿಸುತ್ತೇನೆ: ಸ್ಟೀರಿಂಗ್ ಗಟ್ಟಿ ಹಿಡಿ, ಕಾಲು ಊರು, ಬೀಳುವ ಕಡೆಯಿಂದ ಆಚೆ ವಾಲು, ಒಳಗೇ ಇರು. ಇದು ಕೂತು ಓಡಿಸುವ ಗಾಡಿಯ ಮಾತು. ನಿಂತು ಓಡಿಸುವ, ಹಿಂದೆ ತೆರೆದಿರುವ ಗಾಡಿಗೆ ಬೇರೆ ಪಾಠ. ಮಗುಚುವುದಕ್ಕೆ ಭಾರವೇ ಬೇಕು ಅಂತಿಲ್ಲ, ಅಲ್ವಾ? ಖಾಲಿ ಗಾಡಿಯನ್ನು ಜೋರಾಗಿ ತಿರುಗಿಸಿದರೂ ಸಾಕು.

ಬೆಲ್ಟ್ ಹಾಕದೆ ಗಾಡಿ ಹೊರಡದ ಹಾಗೆ ಮಾಡಿದರೂ, ಬೆನ್ನ ಹಿಂದೆ ಕ್ಲಿಪ್ ಸಿಕ್ಕಿಸಿ ಅದರ ಮೇಲೆ ಕೂರುವ ಬುದ್ಧಿವಂತರಿದ್ದಾರೆ. ಅದಕ್ಕೆ ನಾನು ಮೊದಲು ನೋಡುವುದು ಹೊಟ್ಟೆಯ ಮೇಲೆ ಬೆಲ್ಟ್ ಇದೆಯಾ ಅಂತ. ಇಲ್ಲದಿದ್ದರೆ ಕೀ ಕಿತ್ತುಕೊಳ್ಳುತ್ತೇನೆ. ಅವತ್ತು ಅವನಿಗೆ ಕೈಗಾಡಿಯೇ ಗತಿ.