ಸಾವಿರ ಫ್ರಾಂಕಿನ ಹಕ್ಕುಪತ್ರ, ಮೂವತ್ತು ಸಾವಿರದ ವರ್ಗಾವಣೆ

ರುವಾಂಡಾದಲ್ಲಿ ನೋಂದಣಿಯಾದ ಪ್ರತಿ ಜಮೀನಿನ ತುಂಡಿಗೂ ಐದು ಭಾಗದ ಒಂದು ಸಂಖ್ಯೆ ಇರುತ್ತದೆ. ಪ್ರಾಂತ್ಯ, ಜಿಲ್ಲೆ, ಅದರೊಳಗಿನ ಸೆಕ್ಟರ್, ಸೆಲ್ (ಕೆಲವು ಹಳ್ಳಿಗಳು ಸೇರಿದ ಸಣ್ಣ ಆಡಳಿತ ಘಟಕ), ಕಡೆಗೆ ಆ ತುಂಡಿನ ಸ್ವಂತ ಅಂಕಿ. 4/03 ಎಂದು ಶುರುವಾದರೆ ಉತ್ತರ ಪ್ರಾಂತ್ಯದ ಮುಸಾಂಜೆ ಜಿಲ್ಲೆ, ಅಂದರೆ ಜ್ವಾಲಾಮುಖಿಗಳ ಬುಡದ ಆಲೂಗಡ್ಡೆ ಹೊಲಗಳ ಸೀಮೆ. 2009ಕ್ಕೆ ಮುಂಚೆ ಹಳ್ಳಿಗಾಡಿನ ಜಮೀನಿಗೆ ಇಂಥ ಸಂಖ್ಯೆಯೂ ಇರಲಿಲ್ಲ, ಕಾಗದವೂ ಇರಲಿಲ್ಲ ಎಂದರೆ ತಪ್ಪಾಗದು. 2013ರ ನಡುಭಾಗಕ್ಕೆ ಬರುವಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ತುಂಡುಗಳ ಗಡಿ ಗುರುತಿಸಿ ಮುಗಿದಿತ್ತು. ತುಂಡೊಂದಕ್ಕೆ ತಗುಲಿದ ಖರ್ಚು ಏಳು ಡಾಲರ್ ಆಸುಪಾಸು. ಈ ಸಾಧನೆಯನ್ನು ಹೊಗಳಿ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮಾರನೆಯ ದಿನ. ದಾಖಲೆ ಹುಟ್ಟಿಸುವುದು ಒಂದು ಸಲದ ಕೆಲಸ. ಸಾವು, ಮದುವೆ, ಮಾರಾಟ ನಡೆದಾಗಲೆಲ್ಲ ಅದನ್ನು ತಿದ್ದುತ್ತ ಹೋಗುವುದಕ್ಕೆ ಕೊನೆಯೆಂಬುದಿಲ್ಲ.

ಇಷ್ಟು ಆತುರ ಯಾಕಿತ್ತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 26 ಸಾವಿರ ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚಿನ ಗುಡ್ಡಗಾಡು ದೇಶ, 2022ರ ಜನಗಣತಿಯಂತೆ 1 ಕೋಟಿ 32 ಲಕ್ಷ ಜನ. 1959ರಿಂದ ಜನಾಂಗೀಯ ಹಿಂಸೆಗೆ ಹೆದರಿ ದೇಶ ಬಿಟ್ಟು ಓಡಿಹೋಗಿದ್ದವರು 1994ರ ನರಮೇಧದ ಬಳಿಕ ಮರಳಿದರು. ಅದೇ ವರ್ಷ ಓಡಿಹೋದವರು ಒಂದೆರಡು ವರ್ಷದಲ್ಲಿ ಮರಳಿದರು. ಒಂದೇ ಹೊಲಕ್ಕೆ ಇಬ್ಬರು ಹಕ್ಕುದಾರರು. ಸರ್ಕಾರಕ್ಕೂ ಬಂಡುಕೋರರಿಗೂ ನಡುವೆ ಆದ 1993ರ ಅರುಷಾ ಶಾಂತಿ ಒಪ್ಪಂದ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರು ಬೇರೆಯವರ ಕೈಸೇರಿದ ಹಳೆಯ ಜಮೀನನ್ನು ಕೇಳಬಾರದು ಎಂದಿತ್ತು. ಬದಲಿಗೆ ಪೂರ್ವದ ಕಡೆ ಇದ್ದ ಹೊಲವನ್ನೇ ಇಬ್ಬರಿಗೆ ಹಂಚಿಸಿದರು. ಹೀಗೆ ಹಂಚಿದ್ದಕ್ಕೆ ಎಷ್ಟೋ ಕಡೆ ಬರಹದ ಆಧಾರವೇ ಇರಲಿಲ್ಲ. 1999ರ ಉತ್ತರಾಧಿಕಾರ ಕಾನೂನು ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. 2004ರಲ್ಲಿ ಭೂನೀತಿ ಬಂತು. 2005ರ ಭೂ ಕಾನೂನು ನೋಂದಣಿಯನ್ನು ಕಡ್ಡಾಯ ಮಾಡಿತು.

ಇಷ್ಟು ಅಗ್ಗವಾಗಿ ಹೇಗೆ ಮಾಡಿದರು ಎಂಬುದರಲ್ಲೇ ಸ್ವಾರಸ್ಯ ಇದೆ. ಸರಪಳಿ, ಕಲ್ಲು, ಪರವಾನಗಿ ಪಡೆದ ಸರ್ವೇಯರು ಎಂದು ಹೊರಟಿದ್ದರೆ ಕೋಟಿ ತುಂಡುಗಳ ಅಳತೆ ಮೂರು ತಲೆಮಾರಿಗೂ ಮುಗಿಯುತ್ತಿರಲಿಲ್ಲ. ಅದರ ಬದಲು ವಿಮಾನದಿಂದ ತೆಗೆದ ಚಿತ್ರಗಳನ್ನು ಗುಡ್ಡದ ಏರಿಳಿತಕ್ಕೆ ತಕ್ಕಂತೆ ಸರಿಪಡಿಸಿ, ಹಾಳೆಯ ಮೇಲೆ ಮುದ್ರಿಸಿಕೊಂಡು ಹೊಲಕ್ಕೆ ಒಯ್ದರು. ಅಲ್ಪಕಾಲದ ತರಬೇತಿ ಪಡೆದ ಊರಿನ ಯುವಕ ಯುವತಿಯರೇ ಅಳತೆಗಾರರು. ಹೊಲದವನು, ಸುತ್ತಲಿನ ನೆರೆಯವರು, ಊರ ಹಿರಿಯರು ಗಡಿಯುದ್ದಕ್ಕೂ ನಡೆದು ಬೇಲಿ, ಬದು, ಕಾಲುದಾರಿ ತೋರಿಸಬೇಕು, ಅಳತೆಗಾರ ಚಿತ್ರದಲ್ಲಿ ಅದೇ ಗೆರೆಯ ಮೇಲೆ ಪೆನ್ನು ಎಳೆದು ಸಂಖ್ಯೆ ಬರೆಯಬೇಕು. ಉಮುಯೆಂಜಿ ಎಂಬ ಕಳ್ಳಿಯ ಬೇಲಿ ಇದ್ದಲ್ಲಿ ಕೆಲಸ ಸಲೀಸು. ಬಾಳೆತೋಟದ ಎಲೆ ಬದುವನ್ನು ಮುಚ್ಚಿದ್ದರೆ ಅಂದಾಜೇ ಗತಿ.

ಗಡಿಯ ಹಿಂದೆಯೇ ಹಕ್ಕಿನ ವಿಚಾರಣೆ. ಯಾರ ಹೆಸರು, ಗುರುತಿನ ಚೀಟಿ ಸಂಖ್ಯೆ ಏನು, ಮದುವೆಯಾಗಿದೆಯೇ, ಜಮೀನು ಬಂದದ್ದು ಪಿತ್ರಾರ್ಜಿತವಾಗಿಯೋ ಕ್ರಯಕ್ಕೋ ಎಂದು ಬರೆದುಕೊಂಡು, ಸ್ಥಳದಲ್ಲೇ ಒಂದು ರಸೀದಿ. ತಕರಾರಿದ್ದರೆ ಅದಕ್ಕೇ ಬೇರೆ ಪುಸ್ತಕ. ಆಮೇಲೆ ಹೆಸರುಗಳ ಪಟ್ಟಿಯನ್ನೂ ನಕ್ಷೆಯನ್ನೂ ಸೆಲ್ ಮಟ್ಟದಲ್ಲಿ ಪ್ರಕಟಿಸಿ, ಆಕ್ಷೇಪಕ್ಕೂ ತಿದ್ದುಪಡಿಗೂ ಗಡುವು ಕೊಟ್ಟರು. ಅದು ಮುಗಿದ ಮೇಲೆ ಹಕ್ಕುಪತ್ರ ಮುದ್ರಣ. ಹಳ್ಳಿಯವನು ಕಟ್ಟಬೇಕಾದದ್ದು ತುಂಡಿಗೆ 1,000 ರುವಾಂಡಾ ಫ್ರಾಂಕ್. ಬಗೆಹರಿಯದ ತಕರಾರು ಉಳಿದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಇದನ್ನು ಕೇಳಿದವರು ನಂಬುವುದಿಲ್ಲ. ಆದರೆ ನೆರೆಯವನ ಎದುರೇ ಗಡಿ ನಡೆಸಿದರೆ ಸುಳ್ಳು ಹೇಳುವುದು ಕಷ್ಟ, ಅಷ್ಟೇ ಇದರ ಗುಟ್ಟು. ಸಾವಿರ ಫ್ರಾಂಕ್ ಸಣ್ಣ ಮೊತ್ತವಾದರೂ, ಒಂದೊಂದು ಮನೆಗೆ ನಾಲ್ಕೈದು ತುಂಡು ಇರುವಲ್ಲಿ ಅದು ನಾಲ್ಕೈದು ಸಾವಿರವಾಗುತ್ತದೆ. ಹಾಗಾಗಿ ಲಕ್ಷಗಟ್ಟಲೆ ಪತ್ರಗಳು ಮುದ್ರಣವಾಗಿಯೂ ಕಚೇರಿಯಲ್ಲೇ ಕುಳಿತವು.

ಹೆಂಡತಿಯ ಹೆಸರಿನ ವಿಷಯದಲ್ಲಿ ಮೊದಲು ಎಡವಿದರು. ನಾಲ್ಕು ಸೆಲ್‌ಗಳಲ್ಲಿ ಸುಮಾರು 15 ಸಾವಿರ ತುಂಡುಗಳ ಮೇಲೆ ಪ್ರಯೋಗ ನಡೆದಾಗ, ಮದುವೆ ಪ್ರಮಾಣಪತ್ರ ಇದ್ದ ಹೆಂಗಸರ ಹಕ್ಕು ಗಟ್ಟಿಯಾಯಿತು, ಇಲ್ಲದವರದು ಜಾರಿತು. ಕಚೇರಿಯಲ್ಲಿ ನೋಂದಾಯಿಸದೆ ಕೂಡಿಬಾಳುವ ಜೋಡಿಗಳು ಅಲ್ಲಿ ಹೇರಳ. ಇದು ಗೊತ್ತಾದ ಮೇಲೆ ದೇಶವ್ಯಾಪಿ ಕೆಲಸಕ್ಕೆ ನಮೂನೆಯನ್ನೇ ಬದಲಾಯಿಸಿ, ಇಬ್ಬರ ಹೆಸರನ್ನೂ ಪಾಲಿನ ಶೇಕಡಾವಾರು ಸಹಿತ ಬರೆಯುವ ಜಾಗ ಮಾಡಿದರು. ಪ್ರಯೋಗ ಮಾಡಿ ಸುಮ್ಮನಾಗದೆ ಅದರಿಂದ ಕಲಿತ ಅಪರೂಪದ ಉದಾಹರಣೆ ಇದು. ಎರಡನೇ ಹೆಂಡತಿಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಕಾನೂನು ಒಬ್ಬಳನ್ನೇ ಒಪ್ಪುವುದರಿಂದ, ಗಂಡ ದಾನವಾಗಿಯೋ ಬೇರೆ ತುಂಡಾಗಿಯೋ ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಪತ್ರದಲ್ಲಿ ಸಿಗುವುದು ಏನು? ಸಾಮಾನ್ಯ ರೈತನಿಗೆ ಸಿಕ್ಕಿದ್ದು ಪೂರ್ಣ ಒಡೆತನವಲ್ಲ, ಸರ್ಕಾರದಿಂದ ದೀರ್ಘಾವಧಿ ಗುತ್ತಿಗೆ, ಕೃಷಿ ಭೂಮಿಗೆ 99 ವರ್ಷ. ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ಆದರೆ 2013ರ ಕಾನೂನಿನಂತೆ ಮೂರು ವರ್ಷ ಒಂದೇ ಸಮನೆ ಪಾಳು ಬಿಟ್ಟರೆ ಸರ್ಕಾರ ವಶಕ್ಕೆ ಪಡೆಯಬಹುದಿತ್ತು. ಜೌಗು ಭೂಮಿ ಸರ್ಕಾರದ್ದೇ. ಎಷ್ಟು ತಲೆಮಾರಿನಿಂದ ಉಳುತ್ತಿದ್ದರೂ ಅದಕ್ಕೆ ಹಕ್ಕುಪತ್ರ ಬಾರದು.

ಅಸಲು ತೊಡಕು ಬಂದದ್ದು ವರ್ಗಾವಣೆಯಲ್ಲಿ. ಮೊದಲ ಪತ್ರಕ್ಕೆ ಸಾವಿರ ಫ್ರಾಂಕ್. ಅದೇ ತುಂಡನ್ನು ಮಾರಿದರೆ ವರ್ಗಾವಣೆಗೆ ಸುಮಾರು 30,000 ಆಗುತ್ತಿತ್ತು. ತುಂಡು ದೊಡ್ಡದಿರಲಿ ಚಿಕ್ಕದಿರಲಿ ಶುಲ್ಕ ಅಷ್ಟೇ ಇತ್ತು. ರಾಜಧಾನಿ ಕಿಗಾಲಿಯ ನಿವೇಶನಕ್ಕೆ ಇದು ಲೆಕ್ಕಕ್ಕೇ ಇರಲಿಲ್ಲ. ಗುಡ್ಡದ ಓರೆಯಲ್ಲಿ ಅಂಗೈಯಗಲ ಹುರುಳಿಕಾಯಿ ಹೊಲ ಕೊಂಡವನಿಗೆ ಬೆಲೆಯ ದೊಡ್ಡ ಪಾಲು ಅಲ್ಲೇ ಹೋಗುತ್ತಿತ್ತು. ಅವನು ಏನು ಮಾಡುತ್ತಾನೆ? ಬಿಳಿ ಹಾಳೆಯಲ್ಲಿ ಕರಾರು ಬರೆಸಿ, ನಾಲ್ಕು ಸಾಕ್ಷಿಗಳ ಸಹಿ ಹಾಕಿಸಿ, ಹಳೆಯ ಹಕ್ಕುಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಉಳಲು ಹೋಗುತ್ತಾನೆ. ದಾಖಲೆಯಲ್ಲಿ ಮಾರಿದವನೇ ಇನ್ನೂ ಒಡೆಯ. ಅವನು ಸತ್ತರೆ ಮಕ್ಕಳಿಗೆ ಆ ಕರಾರು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಗೊತ್ತಿಲ್ಲ ಎನ್ನುತ್ತಾರೆ.

ಇದಕ್ಕೆ ಇನ್ನೊಂದು ಗಂಟು ಬಿದ್ದಿತ್ತು. 2013ರ ಕಾನೂನಿನ 30ನೇ ವಿಧಿ, ಒಂದು ಹೆಕ್ಟೇರಿಗಿಂತ ಚಿಕ್ಕದಾಗುವಂತೆ ಕೃಷಿ ಭೂಮಿಯನ್ನು ಒಡೆಯಬಾರದು ಎಂದಿತು. ಹಿಡುವಳಿ ಚೂರಾಗದಿರಲಿ ಎಂಬ ಉದ್ದೇಶ ಸರಿಯೇ. ಆದರೆ ಬಹುಪಾಲು ಕುಟುಂಬಗಳ ತುಂಡುಗಳನ್ನೆಲ್ಲ ಕೂಡಿಸಿದರೂ ಒಂದು ಹೆಕ್ಟೇರ್ ಆಗದ ದೇಶದಲ್ಲಿ ಇದು ಕಾಗದದ ಮೇಲಷ್ಟೇ ನಿಂತಿತು. ಅಪ್ಪ ಸತ್ತ ಮೇಲೆ ನಾಲ್ಕು ಮಕ್ಕಳು ನೆಲದ ಮೇಲೆ ನಾಲ್ಕು ಬದು ಹಾಕಿಕೊಂಡರು. ಪತ್ರದಲ್ಲಿ ಮಾತ್ರ ಒಂದೇ ಸಂಖ್ಯೆ, ನಾಲ್ಕು ಹೆಸರು, ಬಿಡಿಸದ ಹಿಸ್ಸೆ. ಒಬ್ಬ ಸಾಲ ತೆಗೆಯಲು ಹೋದರೆ ಉಳಿದ ಮೂವರ ಒಪ್ಪಿಗೆ ಬೇಕು, ಅವರಲ್ಲೊಬ್ಬ ನೆರೆದೇಶ ಉಗಾಂಡಾದ ಕಂಪಾಲಾದಲ್ಲಿರುತ್ತಾನೆ. ನನ್ನ ಲೆಕ್ಕದಲ್ಲಿ ಶುಲ್ಕಕ್ಕಿಂತಲೂ ಈ ವಿಧಿಯೇ ದಾಖಲೆಯನ್ನು ಹೆಚ್ಚು ಕೆಡಿಸಿತು. ಶುಲ್ಕವನ್ನು ಹೇಗಾದರೂ ಹೊಂದಿಸಬಹುದಿತ್ತು, ಕಾನೂನೇ ಬೇಡವೆಂದ ವಿಭಜನೆಯನ್ನು ನೋಂದಾಯಿಸಲು ದಾರಿಯೇ ಇರಲಿಲ್ಲ.

ಗಡಿಯ ಬಗ್ಗೆಯೂ ಒಂದು ಮಾತು. ಚಿತ್ರದ ಮೇಲೆ ಎಳೆದ ಗೆರೆ ಸಾಮಾನ್ಯ ಗಡಿ, ಸೆಂಟಿಮೀಟರ್ ಲೆಕ್ಕದ ಅಳತೆಯಲ್ಲ. ಪೆನ್ನಿನ ಗೆರೆಯ ದಪ್ಪವೇ ನೆಲದಲ್ಲಿ ಒಂದು ಹೆಜ್ಜೆಯಾದೀತು. ಮುಂದೆ ಮಾರಾಟಕ್ಕೋ ವಿಭಜನೆಗೋ ಜಿಪಿಎಸ್ ಯಂತ್ರ ಹಿಡಿದು ಅಳೆದಾಗ ವಿಸ್ತೀರ್ಣ ಪತ್ರಕ್ಕೆ ತಾಳೆಯಾಗುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ವ್ಯತ್ಯಾಸ ಹೆಚ್ಚು. ಅದನ್ನು ಕಂಡು ನೆರೆಯವನು ಒತ್ತುವರಿ ಮಾಡಿದ್ದಾನೆ ಎಂದು ಕೂಗಾಡುವ ಮೊದಲು ಬೇಲಿ ಕದಲಿದೆಯೇ ನೋಡಬೇಕು. ಬೇಲಿ ಇದ್ದಲ್ಲೇ ಇದ್ದರೆ ಕದಲಿದ್ದು ಗೆರೆ, ಅದಕ್ಕೆ ತಿದ್ದುಪಡಿ ಅರ್ಜಿ ಸಾಕು. ಬೇಲಿಯೇ ಕದಲಿದ್ದರೆ ಮೊದಲು ಸೆಲ್‌ನ ಅಬುಂಜಿ ಎಂಬ ರಾಜಿ ಸಮಿತಿ.

ಕೊಳ್ಳುವವರು ನೋಡಬೇಕಾದದ್ದು ಇಷ್ಟು. ಸಂಖ್ಯೆಯನ್ನು ಕಂಪ್ಯೂಟರ್ ದಾಖಲೆಯಲ್ಲಿ ಹುಡುಕಿಸಿ ಅಡಮಾನವೋ ತಕರಾರೋ ಇದೆಯೇ ಎಂದು ನೋಡುವುದು, ಭೂಬಳಕೆ ವಲಯ ಯಾವುದು ಎಂದು ಕೇಳುವುದು (ಕೃಷಿ ವಲಯದಲ್ಲಿ ಮನೆ ಕಟ್ಟಲು ಹೊರಟು ಕೈಸುಟ್ಟುಕೊಂಡವರಿದ್ದಾರೆ), ಪತ್ರದಲ್ಲಿರುವ ಅಷ್ಟೂ ಹೆಸರಿನವರು ನೋಟರಿ ಎದುರು ಬರುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳುವುದು. ಗಂಡ ಒಬ್ಬನೇ ಬಂದು ಹೆಂಡತಿ ಆಮೇಲೆ ಸಹಿ ಹಾಕುತ್ತಾಳೆ ಎಂದರೆ ಮುಂಗಡ ಕೊಡಬಾರದು. 2023ರಿಂದ ಹಕ್ಕುಪತ್ರ ಕಾಗದದ ಬದಲು ವಿದ್ಯುನ್ಮಾನ ರೂಪದಲ್ಲೇ ಸಿಗುತ್ತಿದೆ, ಹಾಗಾಗಿ ಕೈಯಲ್ಲಿ ಹಳೆಯ ಕಾಗದ ಹಿಡಿದು ಬಂದ ಮಾರಾಟಗಾರನನ್ನು ಕಾಗದ ನೋಡಿ ನಂಬುವ ಕಾರಣವೂ ಉಳಿದಿಲ್ಲ. ಕೊನೆಯದಾಗಿ, ಹೊಲಕ್ಕೆ ಹೋಗಿ ಒಳಗೆ ಹೊಸ ಬದುಗಳು ಎದ್ದಿವೆಯೇ ಎಂದು ಎಣಿಸಬೇಕು. ಪತ್ರದಲ್ಲಿ ಒಂದೇ ತುಂಡಿದ್ದು ನೆಲದಲ್ಲಿ ಮೂರಿದ್ದರೆ, ಉಳಿದ ಎರಡನ್ನು ಉಳುತ್ತಿರುವವರು ಯಾರೆಂದು ನೆರೆಹೊರೆಯಲ್ಲಿ ಕೇಳದೆ ಮುಂದಕ್ಕೆ ಹೋಗಬಾರದು.