ಎರಡು ಸುತ್ತುಗಳ ನಡುವಿನ ಹೊತ್ತು: ಮಗಳೊಂದಿಗೆ ಜಲಗಾಂವ್ ಚೆಸ್ ಪ್ರವಾಸ

2025ರ ಆಗಸ್ಟ್ ಮೊದಲ ವಾರ ಮಹಾರಾಷ್ಟ್ರದ ಜಲಗಾಂವ್‌ನಲ್ಲಿ ಹನ್ನೊಂದು ವರ್ಷದೊಳಗಿನವರ ರಾಷ್ಟ್ರೀಯ ಚೆಸ್ ಚಾಂಪಿಯನ್‌ಷಿಪ್ ನಡೆಯಿತು. ಬಾಲಕಿಯರ ವಿಭಾಗದಲ್ಲಿ ಆಡಲಿದ್ದ ಮಗಳನ್ನು ಕರೆದುಕೊಂಡು ನಾನು ಬೆಂಗಳೂರಿನಿಂದ ಹೋಗಿದ್ದೆ. ಮುಂದೆ ಟೂರ್ನಿ ಯಾವ ಊರಿನಲ್ಲಿ ನಡೆದರೂ ಮೊದಲ ಬಾರಿಗೆ ಹೊರಡುವ ತಾಯಂದಿರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಹತ್ತಿದರೆ ಕಲಬುರಗಿ, ಸೊಲ್ಲಾಪುರ, ಮನ್ಮಾಡ್ ದಾಟಿ ಮರುದಿನ ಸಂಜೆಯ ಹೊತ್ತಿಗೆ ಜಲಗಾಂವ್. ನಮ್ಮ ಬೋಗಿಯಲ್ಲಿಯೇ ಚೆಸ್ ಆಡುವ ಇನ್ನಿಬ್ಬರು ಹುಡುಗಿಯರಿದ್ದರು. ನಾಗಪುರದ ದಿವ್ಯಾ ದೇಶಮುಖ್ ಜಾರ್ಜಿಯಾದ ಬಟುಮಿಯಲ್ಲಿ ಕೋನೇರು ಹಂಪಿಯವರನ್ನು ಟೈಬ್ರೇಕ್‌ನಲ್ಲಿ ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದು ಆಗಿನ್ನೂ ವಾರವೂ ಆಗಿರಲಿಲ್ಲ. ಹತ್ತೊಂಬತ್ತರ ಹುಡುಗಿ ಗ್ರ್ಯಾಂಡ್ ಮಾಸ್ಟರ್ ಆದ ಸುದ್ದಿಯನ್ನು ಮೂವರೂ ಮತ್ತೆ ಮತ್ತೆ ಹೇಳಿಕೊಂಡರು. ರಾತ್ರಿ ದೀಪ ಆರಿಸಿದ ಮೇಲೂ ಮೇಲಿನ ಬರ್ತ್‌ನಿಂದ ಪಿಸುಮಾತು ಕೇಳುತ್ತಲೇ ಇತ್ತು.

ಕಾಗದಪತ್ರಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಅಖಿಲ ಭಾರತ ಚೆಸ್ ಫೆಡರೇಷನ್‌ನ ನೋಂದಣಿ, ವಿಶ್ವ ಚೆಸ್ ಸಂಸ್ಥೆ ಫಿಡೆ ಕೊಡುವ ಸಂಖ್ಯೆ, ಜನನ ಪ್ರಮಾಣಪತ್ರ, ಆಧಾರ್ ಇಷ್ಟನ್ನೂ ಒಂದೇ ಕಡತದಲ್ಲಿಡಿ. ರಾಜ್ಯ ಆಯ್ಕೆ ಟೂರ್ನಿಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ನೇರ ಪ್ರವೇಶವಿರುತ್ತದೆ. ಉಳಿದವರು ವಿಶೇಷ ಪ್ರವೇಶ ಶುಲ್ಕ ಕಟ್ಟಿ ಆಡಬಹುದು. ಆ ಮೊತ್ತ ಸಣ್ಣದಲ್ಲ, ಮೊದಲೇ ಕೇಳಿಕೊಳ್ಳಿ. ಟೂರ್ನಿ ಶುರುವಾಗುವ ಹಿಂದಿನ ದಿನವೇ ಊರು ತಲುಪಿರಿ.

ನಾನು ಎಡವಿದ್ದು ವಸತಿಯಲ್ಲಿ. ಬಾಡಿಗೆ ಕಡಿಮೆ ಎಂದು ರೈಲು ನಿಲ್ದಾಣದ ಹತ್ತಿರ ಕೊಠಡಿ ಹಿಡಿದೆ. ಆಟ ನಡೆದದ್ದು ಊರ ಹೊರಗೆ, ಜೈನ್ ಹಿಲ್ಸ್‌ನ ಅನುಭೂತಿ ಮಂಟಪದಲ್ಲಿ. ಆಗಸ್ಟ್ ಎಂದರೆ ಮಳೆಗಾಲ. ಬೆಳಿಗ್ಗೆ ಆಟೊ ಹೇಗೋ ಸಿಗುತ್ತಿತ್ತು. ಮಧ್ಯಾಹ್ನ ಕೊಠಡಿಗೆ ಬಂದು ಮತ್ತೆ ಹೋಗುವುದೇ ದೊಡ್ಡ ಕೆಲಸವಾಯಿತು. ಕ್ಲಾಸಿಕಲ್ ಎನ್ನುವ ದೀರ್ಘ ಆಟದಲ್ಲಿ ಒಬ್ಬೊಬ್ಬರಿಗೆ ತೊಂಬತ್ತು ನಿಮಿಷ, ಜೊತೆಗೆ ಪ್ರತಿ ನಡೆಗೆ ಮೂವತ್ತು ಸೆಕೆಂಡ್. ಆಟ ಅರವತ್ತು ನಡೆಗಳವರೆಗೆ ಬೆಳೆದರೆ ನಾಲ್ಕು ಗಂಟೆ ಹಿಡಿಯಬಹುದು. ಅದೇ ದಿನ ಎರಡನೆಯ ಸುತ್ತೂ ಇದ್ದರೆ ಮಗುವಿಗೆ ಉಳಿಯುವುದು ಒಂದು ಗಂಟೆಯಷ್ಟೆ. ಆ ಒಂದು ಗಂಟೆಗಾಗಿ ದುಡ್ಡು ಖರ್ಚು ಮಾಡಿ. ಬೇರೆಲ್ಲಿ ಉಳಿಸಿದರೂ ಸರಿ, ಕೊಠಡಿ ಆಟದ ಜಾಗದ ಪಕ್ಕದಲ್ಲೇ ಇರಲಿ.

ಎರಡನೆಯ ದಿನ ಬೆಳಿಗ್ಗೆ ಮಗಳು ಆನೆಗಳ ಅಂತ್ಯದಾಟದಲ್ಲಿ ಸೋತು ಹೊರಬಂದಳು. ಬಾಗಿಲಲ್ಲೇ ನಾನು, "ಆ ಕಾಲಾಳನ್ನು ಯಾಕೆ ಬಿಟ್ಟೆ?" ಎಂದು ಕೇಳಿಬಿಟ್ಟೆ. ಅವಳು ಊಟ ಮುಟ್ಟಲಿಲ್ಲ. ಮಧ್ಯಾಹ್ನದ ಆಟವೂ ಹೋಯಿತು. ಅದೇ ಹೊತ್ತಿನಲ್ಲಿ ಪಕ್ಕದಲ್ಲಿ ತಮಿಳುನಾಡಿನ ತಾಯಿಯೊಬ್ಬರು, ಅಳುತ್ತಾ ಬಂದ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚಿ, ನಿಧಾನವಾಗಿ ಬಾಚಿ, ಮತ್ತೆ ಹೆಣೆದರು. ಮಾತೇ ಇಲ್ಲ. ಜಡೆ ಮುಗಿಯುವಷ್ಟರಲ್ಲಿ ಅಳು ನಿಂತಿತ್ತು, ಆಮೇಲೆ ಮೊಸರನ್ನ. ನಾನು ಅದನ್ನು ನೋಡಿ ಕಲಿತೆ. ಮರುದಿನದಿಂದ ಆಟದ ಮಾತು ಸಂಜೆಗೆ, ಅದೂ ಅವಳೇ ತೆಗೆದರೆ ಮಾತ್ರ. ತಪ್ಪುಗಳನ್ನು ಕೋಚ್ ಜೊತೆ ಊರಿಗೆ ಬಂದ ಮೇಲೆ ನೋಡಬಹುದು. ನಡೆಗಳನ್ನು ಬರೆದಿಡುವ ಸ್ಕೋರ್‌ಶೀಟ್ ಎಲ್ಲಿಗೂ ಹೋಗುವುದಿಲ್ಲ.

ಊಟಕ್ಕೆ ಜಲಗಾಂವ್ ಸೀಮೆಯಾದ ಖಾನ್‌ದೇಶದ ಅಡುಗೆ ರುಚಿಯಾದರೂ ಖಾರ ಜೋರು. ಖಾರದ ಸಾರಿಗೆ ಸೇವ್ ಹಾಕುವ ಶೇವ್ ಭಾಜಿಯನ್ನು ಟೂರ್ನಿ ಮುಗಿದ ಮೇಲೆ ತಿನ್ನಿ. ನಾನು ಒಯ್ದಿದ್ದ ಪುಟ್ಟ ಕುಕ್ಕರ್, ಗೊಜ್ಜವಲಕ್ಕಿ ಮತ್ತು ಆ ಸೀಮೆಯ ಹೆಸರುವಾಸಿ ಬಾಳೆಹಣ್ಣು ನಮ್ಮನ್ನು ಕಾಪಾಡಿದವು.

ಪೋಷಕರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಕೆಲವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ತಕರಾರು ಬಂದರೆ ಗಡಿಯಾರ ನಿಲ್ಲಿಸಿ, ಕೈ ಎತ್ತಿ ತೀರ್ಪುಗಾರರಾದ ಆರ್ಬಿಟರ್‌ರನ್ನು ಕರೆಯಬೇಕು. ನಮ್ಮ ಮಕ್ಕಳು ಸಂಕೋಚದಿಂದ ಸುಮ್ಮನಾಗುತ್ತಾರೆ, ಭಾಷೆ ಬಾರದಿದ್ದರೆ ಇನ್ನೂ ಹೆಚ್ಚು. ಎದುರಾಳಿ ಕೈ ಚಾಚಿದಾಗ ಅದು ಡ್ರಾ ಕೇಳಿದ್ದೋ ಸೋಲೊಪ್ಪಿದ್ದೋ ತಿಳಿಯದೆ ಕೈಕುಲುಕಬಾರದು. ಸ್ಕೋರ್‌ಶೀಟ್‌ಗೆ ಸಹಿ ಹಾಕುವ ಮುನ್ನ ಅದರಲ್ಲಿ ಬರೆದ ಫಲಿತಾಂಶ ಓದಬೇಕು. ನಿಯಮಬಾಹಿರ ನಡೆ ಒಮ್ಮೆ ಆದರೆ ಎದುರಾಳಿಗೆ ಎರಡು ನಿಮಿಷ ಸೇರುತ್ತದೆ, ಎರಡನೆಯ ಬಾರಿ ಆದರೆ ಆಟವೇ ಹೋಗುತ್ತದೆ. ಮೊಬೈಲ್, ಸ್ಮಾರ್ಟ್ ವಾಚ್ ಒಳಗೆ ಹೋಗಲೇಬಾರದು. ಚೀಲವನ್ನು ನೀವೇ ಒಮ್ಮೆ ನೋಡಿ ಕಳಿಸಿ.

ಹಿಂದಿರುಗುವ ಟಿಕೆಟನ್ನು ಕೊನೆಯ ಸುತ್ತಿನ ದಿನಕ್ಕೆ ಮಾಡಿಸಬೇಡಿ. ಬಹುಮಾನ ವಿತರಣೆ ತಡವಾಗುತ್ತದೆ. ಮಗು ರೈಲಿನ ಗಡಿಬಿಡಿಯಲ್ಲಿ ಕೊನೆಯ ಆಟ ಆಡಬಾರದು. ಒಂದು ದಿನ ಹೆಚ್ಚು ಇದ್ದರೆ ಜೈನ್ ಹಿಲ್ಸ್‌ನಲ್ಲೇ ಗಾಂಧಿ ತೀರ್ಥ ವಸ್ತುಸಂಗ್ರಹಾಲಯವಿದೆ, ಸುಮಾರು ಅರವತ್ತು ಕಿಲೊಮೀಟರ್ ದೂರದಲ್ಲಿ ಅಜಂತಾ ಇದೆ. ಅಜಂತಾ ಸೋಮವಾರ ಮುಚ್ಚಿರುತ್ತದೆ. ನಾವು ಹೋದಾಗ ಮಳೆಗೆ ವಾಘೋರಾ ಕಣಿವೆಯೆಲ್ಲ ಹಸಿರಾಗಿತ್ತು. ಇಪ್ಪತ್ತಾರನೆಯ ಗುಹೆಯಲ್ಲಿ ಮಲಗಿರುವ ಬುದ್ಧನ ಮುಂದೆ ಮಗಳು ಬಹಳ ಹೊತ್ತು ನಿಂತಿದ್ದಳು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ತಾನಾಗಿಯೇ, "ಅಮ್ಮಾ, ಆ ಆಟದಲ್ಲಿ ರಾಜನನ್ನು ಮುಂದೆ ತರಬೇಕಿತ್ತು" ಎಂದಳು.