ವಾಲ್ವ್ ಬದಲಿಸುವ ಮುನ್ನ

9 ಮಾರ್ಚ್ 2025, ಭಾನುವಾರ ರಾತ್ರಿ

ಮೇಷ್ಟ್ರ ಗಿಟಾರ್ ಆಂಪ್ಲಿಫೈಯರ್, ವಾಕ್ಸ್ ಎ.ಸಿ. 30, ಇನ್ನೂ ಮೇಜಿನ ಮೇಲೆಯೇ ಇದೆ. ಕಾಯಿಲೆ ಏನೆಂಬುದು ಮಧ್ಯಾಹ್ನವೇ ಗೊತ್ತಾಯಿತು. ಅದನ್ನು ಮೇಷ್ಟ್ರಿಗೆ ಒಪ್ಪಿಸುವಷ್ಟರಲ್ಲಿ ಸಂಜೆಯಾಯಿತು.

ಆಂಪ್ಲಿಫೈಯರ್ ಬಿಸಿಯಾಗುತ್ತಿದ್ದಂತೆ ಗುಂಯ್ ಎನ್ನುವ ಸದ್ದು ಏರಿ, ಗಿಟಾರಿನ ದನಿ ಒಡೆದು, ದನಿಗೆ ಬಲ ಕೊಡುವ ನಾಲ್ಕು ಗಾಜಿನ ಇ.ಎಲ್. 84 ವಾಲ್ವ್‌ಗಳಲ್ಲಿ ಒಂದು ಬದಿಯ ಎರಡರ ಒಳಗಿನ ಲೋಹದ ಪ್ಲೇಟು ಕೆಂಪಗೆ ಕಾಯುತ್ತಿತ್ತು. ನಾಲ್ಕೂ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.) ಬೆಂಗಳೂರಿನ ನಮ್ಮ ಜಾಲಹಳ್ಳಿಯಲ್ಲಿ ರೇಡಿಯೊ ವಾಲ್ವ್ ತಯಾರಿಸುತ್ತಿದ್ದ ಕಾಲದವು. ಇಂಗ್ಲಿಷ್ ಯಂತ್ರಕ್ಕೆ ದೇಶಿ ವಾಲ್ವ್ ಒಗ್ಗಲಿಲ್ಲವೆಂದು ತೀರ್ಮಾನಿಸಿಕೊಂಡೇ ಮೇಷ್ಟ್ರು ಹೊರದೇಶದಿಂದ ತರಿಸಿದ ಹೊಸ ಸೆಟ್ಟನ್ನು ಹಿಡಿದು ಬಂದಿದ್ದರು. “ಇವನ್ನು ಹಾಕಿಕೊಡಪ್ಪ, ಅಷ್ಟು ಸಾಕು” ಎಂದರು.

ಹಾಕಿದ್ದರೆ ಅವೂ ಸುಡುತ್ತಿದ್ದವು. ಒಂದೇ ಬದಿಯ ಜೋಡಿ ಕಾಯುತ್ತಿದ್ದರೆ ಎರಡು ವಾಲ್ವ್‌ಗಳೂ ಒಟ್ಟಿಗೆ ಕೆಟ್ಟಿವೆ ಎನ್ನುವುದಕ್ಕಿಂತ, ಅವೆರಡಕ್ಕೂ ಸಿಗ್ನಲ್ ತಲುಪಿಸುವ ಒಂದು ಕಂಡೆನ್ಸರ್ ಸೋರುತ್ತಿದೆ ಎಂದು ಅನುಮಾನಿಸುವುದೇ ಸರಿ. ಹಿಂದಿನ ಹಂತದ ಡಿ.ಸಿ.ಯನ್ನು (ಏಕಮುಖ ವಿದ್ಯುತ್ತನ್ನು) ತಡೆದು ಸಿಗ್ನಲನ್ನಷ್ಟೇ ಮುಂದೆ ಬಿಡಬೇಕಾದ ಆ ಕಂಡೆನ್ಸರ್ ಒಂದೆರಡು ವೋಲ್ಟ್ ಬಿಟ್ಟುಕೊಟ್ಟರೂ ವಾಲ್ವು ಮಿತಿಮೀರಿ ಕರೆಂಟ್ ಎಳೆಯುತ್ತದೆ, ಇ.ಎಲ್. 84ರ ಪ್ಲೇಟು ತಾಳುವುದು 12 ವ್ಯಾಟ್ ಮಾತ್ರ. ಎ.ಸಿ. 30ರಲ್ಲಿ ನಾಲ್ಕಕ್ಕೂ ಸೇರಿ ಇರುವುದು ಕರೆಂಟನ್ನು ಹದದಲ್ಲಿಡುವ ಒಂದೇ ಕ್ಯಾಥೋಡ್ ರೆಸಿಸ್ಟರ್ ಆದ್ದರಿಂದ, ಒಂದು ಜೋಡಿ ಹೆಚ್ಚು ಎಳೆದಂತೆ ಇನ್ನೊಂದು ಜೋಡಿ ತಣ್ಣಗಾಗುತ್ತದೆ. ದನಿ ಒಡೆಯುವುದಕ್ಕೆ ಈ ಏರುಪೇರೇ ಸಾಕು.

ಬಾಯಿಮಾತು ಸಾಲದೆಂದು ನಾಲ್ಕೂ ವಾಲ್ವ್ ಕಿತ್ತು, ಮೊದಲು ಕರೆಂಟಿನ ದಾರಿಯಲ್ಲಿ ಒಂದು ಬಲ್ಬು (ಸೀರೀಸ್ ಲ್ಯಾಂಪ್) ಹಾಕಿ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಲ್ಯಾಂಪ್ ತೆಗೆದು ನೇರವಾಗಿ ಕರೆಂಟ್ ಕೊಟ್ಟು, ಸಾಕೆಟ್ಟಿನ ಎರಡನೇ ಪಿನ್ನಿಗೆ, ಅಂದರೆ ವಾಲ್ವಿಗೆ ಸಿಗ್ನಲ್ ಒಳಬರುವ ಗ್ರಿಡ್ಡಿಗೆ, ಮೀಟರ್ ಹಿಡಿದೆ. ಒಂದು ಬದಿಯಲ್ಲಿ ಸೊನ್ನೆ. ಇನ್ನೊಂದು ಬದಿಯಲ್ಲಿ ಮುಳ್ಳು ನಿಧಾನವಾಗಿ ಏರಿ 4 ವೋಲ್ಟ್ ದಾಟಿತು.

“ವಾಲ್ವೇ ಇಲ್ಲದ ಸಾಕೆಟ್ಟಿಗೆ ಇದು ಎಲ್ಲಿಂದ ಬಂತು, ಸರ್?”

ಅವರು ಉತ್ತರಿಸಲಿಲ್ಲ. ನಾನು ಪ್ಲಗ್ ಕಿತ್ತೊಡನೆ, ಯಾವ ಕಂಡೆನ್ಸರ್ ಎಂದು ಕೇಳುತ್ತ ಚಾಸಿಯೊಳಗೆ (ಬಿಡಿಭಾಗಗಳಿರುವ ಲೋಹದ ಚೌಕಟ್ಟಿನೊಳಗೆ) ಬೆರಳು ಚಾಚಿದರು; ಕೈಯನ್ನು ಹಿಡಿದೆಳೆಯಬೇಕಾಯಿತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಇಳಿದದ್ದನ್ನು ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಬೇಕು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಆಮೇಲೆ ಹೊಸ ತಕರಾರು ಹುಟ್ಟಿತು. ಅದು 1960ರ ದಶಕದ ಮೂಲ ಕಂಡೆನ್ಸರ್, ಆಂಪ್ಲಿಫೈಯರಿನ ದನಿಯೇ ಅದರಲ್ಲಿದೆ, ತೆಗೆಯಬೇಡ ಎಂದರು. ಹಳೆಯ ಬಿಡಿಭಾಗಗಳ ಮೇಲಿನ ಈ ಭಕ್ತಿ ನನಗೂ ಸ್ವಲ್ಪ ಇದೆ. ಆದ್ದರಿಂದಲೇ ಚೆನ್ನಾಗಿರುವ ಯಾವುದನ್ನೂ ಮುಟ್ಟುವುದಿಲ್ಲ. ಸೋರುವ ಕಂಡೆನ್ಸರ್ ಮಾತ್ರ ದನಿಯನ್ನು ಕಾಯುವುದಿಲ್ಲ, ಸ್ಪೀಕರಿಗೆ ದನಿ ದಾಟಿಸುವ ಟ್ರಾನ್ಸ್‌ಫಾರ್ಮರನ್ನು ಬಲಿ ಕೊಡುತ್ತದೆ. ಕೊನೆಗೆ, ಬಿಚ್ಚಿದ್ದನ್ನು ಪೊಟ್ಟಣ ಕಟ್ಟಿ ಕ್ಯಾಬಿನೆಟ್ಟಿನೊಳಗೇ ಇಡಬೇಕೆಂಬ ಕರಾರಿನ ಮೇಲೆ ಒಪ್ಪಿದರು.

0.1 ಮೈಕ್ರೊಫ್ಯಾರಡಿನ ಹೊಸ ಕಂಡೆನ್ಸರ್ ಕೂರಿಸಿದ್ದಾಗಿದೆ. ಈಗ ಎರಡೂ ಬದಿಯಲ್ಲಿ ಸೊನ್ನೆ. ಬಿ.ಇ.ಎಲ್. ವಾಲ್ವ್‌ಗಳನ್ನೇ ಮತ್ತೆ ಹಾಕಿ ನೋಡಬೇಕೆಂದಿದ್ದೇನೆ, ಆದರೆ ಕೆಂಪಗೆ ಕಾದ ಆ ಎರಡರಲ್ಲಿ ಇನ್ನೆಷ್ಟು ಜೀವ ಉಳಿದಿದೆಯೋ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯ ಎರಡೂ ಅರ್ಧಗಳ ಪ್ರತಿರೋಧ (ಓಮ್) ಅಳೆಯುವುದು ಇನ್ನೂ ಬಾಕಿ ಇದೆ. ಅಲ್ಲೇನಾದರೂ ಹೆಚ್ಚುಕಡಿಮೆ ಕಂಡರೆ ಮೇಷ್ಟ್ರಿಗೆ ಹೇಳುವುದು ಹೇಗೆ…